ಧುಪದಾಳದ ಗೌರವ್ವ ಮತ್ತು ಅವಳ ನಾನ್ಯಾಕ

ಧುಪದಾಳದಲ್ಲಿ ಗೌರವ್ವನ ಮಾತಿಗೆ ಎದುರು ಮಾತು ಅಂತ ಇರಲಿಲ್ಲ. ಹೆದರಿಕೆಯಿಂದ ಅಲ್ಲ, ಎದುರಾಡುವುದಕ್ಕೆ ಯಾರಿಗೂ ಸಂದು ಸಿಗುತ್ತಿರಲಿಲ್ಲ, ಅಷ್ಟೆ. ಮಮದಾಪುರದ ಒಕ್ಕಲುತನದ ಮನೆಯಲ್ಲಿ ಸಾಲಾಗಿ ಹುಟ್ಟಿದ ಗಂಡುಮಕ್ಕಳ ಬೆನ್ನಿಗೆ ಬಂದ ಒಬ್ಬಳೇ ಮಗಳು ಅವಳು. ಅಣ್ಣಂದಿರ ಗದ್ದಲದಲ್ಲಿ ತನಗೂ ಒಂದು ರೊಟ್ಟಿ ಬೇಕೆಂದು ಕೂಗಿ ಹೇಳಲು ಚಿಕ್ಕಂದಿನಲ್ಲಿ ದನಿ ಏರಿಸಿದ್ದಳು. ಆಮೇಲೆ ಅದನ್ನು ಇಳಿಸಬೇಕೆಂಬುದು ನೆನಪಾಗಲಿಲ್ಲ. ಹೊಳೆಯ ಈ ದಂಡೆಯಲ್ಲಿ ನಿಂತು ಆ ದಂಡೆಯ ಎಮ್ಮೆಯನ್ನು ಕರೆದಳೆಂದರೆ ಎಮ್ಮೆಯ ಜೊತೆಗೆ ಅದನ್ನು ಕಾಯುವವನೂ ಎದ್ದು ನಿಲ್ಲುತ್ತಿದ್ದ.

ಅವಳ ಗಂಡ ಲಕ್ಕಪ್ಪ ಹೊಳೆಯ ಒಡ್ಡಿನ ಮೇಲೆ ಗೇಟು ಏರಿಸುವ ಇಳಿಸುವ ಕೆಲಸದವನು. ದಿನವೆಲ್ಲ ನೀರಿನ ಭೋರ್ಗರೆತ ಕೇಳುತ್ತಿದ್ದವನಿಗೆ ಸಂಜೆ ಮನೆಗೆ ಬಂದರೆ ಬೇರೆ ಊರಿಗೆ ಬಂದ ಹಾಗೇನೂ ಅನಿಸುತ್ತಿರಲಿಲ್ಲ. ಗೌರವ್ವ ಅವನಿಗೆ ಮರ್ಯಾದೆ ಮಾತ್ರ ತಪ್ಪಿಸಿದವಳಲ್ಲ. ಬೈಯುವಾಗಲೂ ರೀ ಹಚ್ಚಿಯೇ ಬೈಯುತ್ತಿದ್ದಳು. ‘ಹೊತ್ತ ಹೊಂಟ ಮಾರುದ್ದ ಏರೇತ್ರಿ, ಇನ್ನೂ ಕುಂಭಕರ್ಣನಂಗ ಬಿದ್ದಕೊಂಡೀರಲ್ರಿ, ಏಳ್ರಿ’ ಎಂದು ಅವಳು ಅಂದರೆ ಲಕ್ಕಪ್ಪ ಬಾಯಿ ತೆರೆಯುತ್ತಿದ್ದ, ಏನೋ ಹೇಳಬೇಕೆಂದು ಯೋಚಿಸುತ್ತಿದ್ದ, ಅಷ್ಟರಲ್ಲಿ ಅವಳು ಇನ್ನೆರಡು ವಿಷಯ ಮುಗಿಸಿರುತ್ತಿದ್ದಳು. ಅವನು ಬಾಯಿ ಮುಚ್ಚಿ ಮುಖ ತೊಳೆಯಲು ಹೋಗುತ್ತಿದ್ದ. ಒಬ್ಬಳೇ ಮಗಳು ಶಿವವ್ವನನ್ನು ಹುಕ್ಕೇರಿಗೆ ಕೊಟ್ಟ ಮೇಲೆ ಮನೆಯಲ್ಲಿ ಇವರಿಬ್ಬರು, ಒಂದು ಎಮ್ಮೆ, ಮತ್ತು ಗೌರವ್ವನ ಮಾತು.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ. ಒಡ್ಡಿನ ಬಂಗಲೆಯಲ್ಲಿ ಕಾಲುವೆ ಖಾತೆಯ ಸಾಹೇಬನೊಬ್ಬ ಇದ್ದ. ಅವನ ಗೆಳೆಯ ಹಡಗಿನ ಕಪ್ತಾನ. ಆ ಕಪ್ತಾನ ಯಾವುದೋ ಹಿಮದ ದೇಶದಿಂದ ಒಂದು ನಾಯಿಮರಿ ತಂದು ಗೋವೆಯ ಮುರಗಾಂವ ಬಂದರದಲ್ಲಿ ಇಳಿಸಿ, ರೈಲು ಹತ್ತಿಸಿ ಕಳಿಸಿದ್ದ. ಮರಿ ಬಂಗಲೆ ಸೇರಿ ಸ್ವಲ್ಪ ದಿನವಾಗಿತ್ತಷ್ಟೆ, ಸಾಹೇಬನಿಗೆ ಸಿಂಧ ಪ್ರಾಂತಕ್ಕೆ ವರ್ಗವಾಯಿತು. ಅಲ್ಲಿಯ ಬಿಸಿಲಿನಲ್ಲಿ ಹಿಮದ ನಾಯಿ ಬದುಕಲಿಕ್ಕಿಲ್ಲ ಎಂದು ಅವನು ಬಂಗಲೆಯ, ಒಡ್ಡಿನ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಇದನ್ನು ಯಾರು ಸಾಕುತ್ತೀರಿ ಎಂದು ಕೇಳಿದ. ಎಲ್ಲರೂ ತಟ್ಟನೆ ಆಗುವುದಿಲ್ಲ ಎಂದರು. ಲಕ್ಕಪ್ಪನೂ ಅದನ್ನೇ ಹೇಳಬೇಕೆಂದು ಬಾಯಿ ತೆರೆದ. ಆದರೆ ಅವನ ಮಾತು ಹೊರಬರುವಷ್ಟರಲ್ಲಿ ಸಾಹೇಬ ಅವನ ಕೈ ಕುಲುಕಿ, ಕಣ್ಣೊರೆಸಿಕೊಂಡು, ಬುಟ್ಟಿಯನ್ನು ಅವನ ಕೈಗೆ ಕೊಟ್ಟಾಗಿತ್ತು.

ಲಕ್ಕಪ್ಪ ಬುಟ್ಟಿಯ ಮೇಲೆ ಟವೆಲ್ಲು ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಬಂದ.

‘ಏನ್ರಿ ಅದು ಬುಟ್ಟ್ಯಾಗ?’

‘ನಾಯಿಮರಿ.’

‘ನಾಯಿಮರಿ ಅಂತ ನನಗೂ ಕಾಣತೈತಿ, ಬಾಲಾ ಹೊರಗ ಬಂದೈತಿ. ಯಾರದದು?’

‘ಸಾಹೇಬರು…’

‘ಸಾಹೇಬರ ನಾಯಿಗೆ ನಮ್ಮ ಮನ್ಯಾಗೇನ ಕೆಲಸ? ಇದು ಲಿಂಗವಂತರ ಮನಿ, ಪೂಜಿ ಪುನಸ್ಕಾರದ ಮನಿ. ನಡೀರಿ, ಒಯ್ದು ಕೊಟ್ಟ ಬರ್ರಿ!’

ಅಷ್ಟರಲ್ಲಿ ಟವೆಲ್ಲು ಸರಿದು ಮರಿ ತಲೆ ಹೊರಗೆ ಹಾಕಿತು. ಬೂದು ಬಿಳಿ ಮೈ, ನೆಟ್ಟಗಿನ ಕಿವಿ, ಹತ್ತಿಯ ಅರಳೆಯಂಥ ಕೂದಲು. ಒಂದು ಕಣ್ಣು ಕಂದು, ಇನ್ನೊಂದು ಬಟ್ಟೆಗೆ ಹಾಕುವ ನೀಲಿಯ ಬಣ್ಣ. ಗೌರವ್ವನ ಮಾತು ಅಲ್ಲಿಗೇ ನಿಂತಿತು. ಲಕ್ಕಪ್ಪ ಮದುವೆಯಾದಾಗಿನಿಂದ ಇಂಥದ್ದನ್ನು ನೋಡಿರಲಿಲ್ಲ.

‘ಅಯ್ಯ ನನ ಕೂಸ, ಕಣ್ಣಾಗ ನೀಲಿ ಬಿದ್ದೈತಲ್ಲೋ!’ ಎಂದವಳೇ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಕಣ್ಣು ಒರೆಸಿದಳು. ಬಣ್ಣ ಹೋಗಲಿಲ್ಲ. ಮರಿ ಅವಳ ಮೂಗನ್ನು ನೆಕ್ಕಿತು. ವಾಪಸು ಒಯ್ಯುವ ಮಾತು ಮತ್ತೆ ಬರಲಿಲ್ಲ.

‘ಹೆಸರೇನ ಇದರದು?’

ಸಾಹೇಬ ಹೇಳಿದ ಹೆಸರನ್ನು ಲಕ್ಕಪ್ಪ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ‘ನಾನೂಕ.’

‘ನಾನ್ಯಾಕ?’

‘ನಾನ್ಯಾಕ ಅಲ್ಲ, ನಾನೂ…’

‘ನಾನ್ಯಾಕ. ಆತ ಬಿಡ್ರಿ. ಸಾಹೇಬರಿಗೆ ಬ್ಯಾರೆ ಹೆಸರ ಸಿಗಲಿಲ್ಲೇನ?’

ಹೀಗೆ ಅದಕ್ಕೆ ನಾನ್ಯಾಕ ಎಂದೇ ಹೆಸರಾಯಿತು. ಮರುದಿನ ಬೆಳಗಿನಿಂದ ಗೌರವ್ವ ಅದಕ್ಕೆ ಬುದ್ಧಿ ಕಲಿಸಲು ಶುರುಮಾಡಿದಳು.

ಎಮ್ಮೆ ಅವಳು ‘ಕಾಲ ತಗಿ’ ಎಂದರೆ ಕಾಲು ತೆಗೆಯುತ್ತಿತ್ತು. ಗಂಡ ‘ಏಳ್ರಿ’ ಎಂದರೆ ಏಳುತ್ತಿದ್ದ. ನಾಯಿಮರಿ ಯಾವ ಲೆಕ್ಕ ಎಂದುಕೊಂಡು ಅಂಗಳದ ನಡುವೆ ನಿಂತು ‘ನಾನ್ಯಾಕ, ಬಾ ಇಲ್ಲಿ’ ಎಂದಳು. ಮರಿ ಅವಳನ್ನೊಮ್ಮೆ ನೋಡಿ, ತಿರುಗಿ ಹಿತ್ತಲಿಗೆ ಹೋಯಿತು. ‘ಕೂಡು’ ಎಂದರೆ ನಿಂತಿತು. ‘ಬಿಡು’ ಎಂದರೆ ಲಕ್ಕಪ್ಪನ ಮೆಟ್ಟನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡಿತು. ಗೌರವ್ವ ಅದರ ಹಿಂದೆ ಓಣಿಯುದ್ದಕ್ಕೂ ‘ನಾನ್ಯಾಕ! ನಾನ್ಯಾಕ!’ ಎಂದು ಕೂಗುತ್ತ ಓಡಿದಳು.

ಪಕ್ಕದ ಮನೆಯ ಮೈಮುನಾಬಿ ಗೋಡೆಯ ಮೇಲಿಂದ ತಲೆ ಹಾಕಿದಳು. ಟಾಂಗಾ ಹೊಡೆಯುವ ಮಹಮ್ಮದಗೌಸನ ಹೆಂಡತಿ. ಗೌರವ್ವನ ಜೊತೆ ದಿನಕ್ಕೊಮ್ಮೆ ಜಗಳಾಡಿ ಸೋತು ದಿನಕ್ಕೊಮ್ಮೆ ಕೂಡಿಕೊಳ್ಳುವವಳು.

‘ಯಾಕ ಗೌರಕ್ಕಾ, ಮುಂಜಾನಿದ್ದ ನಾನ್ಯಾಕ ನಾನ್ಯಾಕ ಅಂತ ಒದರಾಕತ್ತೀದಿ? ನಿನಗ ಯಾರ ಏನ ಕೆಲಸಾ ಹೇಳಿದ್ರು?’

‘ನನಗ್ಯಾರ ಹೇಳ್ತಾರ! ನಾಯಿ ಕರ್ಯಾಕತ್ತೇನಿ.’

‘ಅದು ಏನಂತೈತಿ?’

‘ಅದೂ ನಾನ್ಯಾಕ ಅಂತೈತಿ!’

ಮರಿ ಹೇಳಿದ ಮಾತು ಕೇಳದಿದ್ದುದಕ್ಕಿಂತ ದೊಡ್ಡ ಸೋಜಿಗ ಮುಂದೆ ಕಾದಿತ್ತು. ಅದು ಬೊಗಳುತ್ತಿರಲಿಲ್ಲ, ಮಾತಾಡುತ್ತಿತ್ತು. ಗೌರವ್ವ ‘ಮೆಟ್ಟ ಯಾಕ ಕಡದಿ?’ ಎಂದರೆ ಕತ್ತೆತ್ತಿ, ತುಟಿ ಗುಂಡಗೆ ಮಾಡಿ, ‘ಊಂ… ವೂವೂ… ಅರ್‍ರವೂ’ ಎಂದು ರಾಗವಾಗಿ ಉತ್ತರ ಕೊಡುತ್ತಿತ್ತು. ಅವಳು ದನಿ ಏರಿಸಿದರೆ ತಾನೂ ಏರಿಸುತ್ತಿತ್ತು. ಅವಳು ಉಸಿರು ತೆಗೆದುಕೊಳ್ಳಲು ನಿಂತರೆ ಅದೇ ಹೊತ್ತು ನೋಡಿ ನಾಲ್ಕು ಮಾತು ಸೇರಿಸುತ್ತಿತ್ತು. ಇಷ್ಟು ವರ್ಷದ ಬದುಕಿನಲ್ಲಿ ಗೌರವ್ವನಿಗೆ ಮೊದಲ ಸಲ ಸೋಲದೆ ಎದುರು ಮಾತಾಡುವವರು ಸಿಕ್ಕಿದ್ದರು. ಮೊದಲ ದಿನ ಸಿಟ್ಟಾಯಿತು. ಎರಡನೆಯ ದಿನ ಅವಳು ಬೇಗ ಕೆಲಸ ಮುಗಿಸಿ, ತಲೆ ಬಾಚಿಕೊಂಡು, ಜಗಳಕ್ಕೆ ಕಟ್ಟೆಯ ಮೇಲೆ ಬಂದು ಕುಳಿತಳು.

ದೀಪ ಹಚ್ಚುವ ಹೊತ್ತಿಗೆ ಓಣಿಯವರೆಲ್ಲ ಕೇಳಲು ಸೇರತೊಡಗಿದರು. ‘ಈಗ ನಾಯಿದೇ ಖರೆ ಅನಸ್ತೈತಿ’ ಎಂದು ಒಬ್ಬರೆಂದರೆ ‘ಗೌರವ್ವಗ ಮಾತ ಮುಗಿಸಾಕ ಬಿಡವಲ್ದಲ್ಲ’ ಎಂದು ಇನ್ನೊಬ್ಬರು. ಒಳಗೆ ಲಕ್ಕಪ್ಪ ಯಾರ ಕಾಟವೂ ಇಲ್ಲದೆ ಕೂತು ರೊಟ್ಟಿ ತಿನ್ನುತ್ತಿದ್ದ. ಆ ವರ್ಷ ಅವನಿಗೆ ಸಣ್ಣದೊಂದು ಹೊಟ್ಟೆ ಬಂತು.

ಆದರೆ ಹೇಲು ಉಚ್ಚೆಯ ವಿಷಯದಲ್ಲಿ ಜಗಳ ಸಾಲದು, ಉಪಾಯ ಬೇಕಿತ್ತು. ಮರಿಗೆ ಆಗ ತಾನೇ ಸೆಗಣಿಯಿಂದ ಸಾರಿಸಿದ ನೆಲ ಎಂದರೆ ಪ್ರಾಣ. ಹೊರಗೆ ಎಷ್ಟು ಹೊತ್ತು ನಿಲ್ಲಿಸಿದರೂ ಆಕಾಶ ನೋಡುತ್ತಿತ್ತು. ಒಳಗೆ ಬಂದು, ಸಾರಿಸಿದ ನೆಲದ ಒಳ್ಳೆಯ ಭಾಗ ಆರಿಸಿಕೊಂಡು, ಕೆಲಸ ಮುಗಿಸುತ್ತಿತ್ತು. ಗೌರವ್ವ ಬೈದಳು, ಕಿವಿ ಹಿಂಡಿದಳು, ಮೂಗು ಹಿಡಿದು ತೋರಿಸಿದಳು. ಕೊನೆಗೆ ತಿಪ್ಪೆಯ ಬಾಜೂ ಒಂದು ಚೌಕ ಜಾಗವನ್ನು ಮನೆಯ ನೆಲಕ್ಕಿಂತ ನುಣ್ಣಗೆ ಸಾರಿಸಿ, ನಾಲ್ಕೂ ಮೂಲೆಗೆ ರಂಗೋಲಿ ಎಳೆದು, ಮನೆಯೊಳಗೆ ಮೂರು ದಿನ ಸಾರಿಸುವುದನ್ನೇ ಬಿಟ್ಟಳು. ನಾನ್ಯಾಕ ಎರಡನ್ನೂ ಹೋಲಿಸಿ ನೋಡಿತು. ತಿಪ್ಪೆಯ ಕಡೆ ಹೋಯಿತು. ಅಂದಿನಿಂದ ಅದು ಮನೆಯೊಳಗೆ ಹೊಲಸು ಮಾಡಲಿಲ್ಲ. ದಿನವೂ ತಿಪ್ಪೆಯ ಬಳಿ ರಂಗೋಲಿ ಬೀಳುವುದನ್ನು ನೋಡಿದ ದಾರಿಹೋಕರು ಯಾವುದೋ ಹೊಸ ದೇವರೆಂದು ಅತ್ತ ಕೈ ಮುಗಿದು ಹೋಗುತ್ತಿದ್ದರು. ಗೌರವ್ವ ಯಾರಿಗೂ ಬಿಡಿಸಿ ಹೇಳಲಿಲ್ಲ.

ಮರಿ ಬೆಳೆಯಿತು. ಕೂದಲೂ ಬೆಳೆಯಿತು. ಚಳಿಗಾಲ ಮುಗಿದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಆ ಕೂದಲು ಉದುರತೊಡಗಿತು. ಹಿಟ್ಟಿನಲ್ಲಿ ಕೂದಲು, ಮಜ್ಜಿಗೆಯಲ್ಲಿ ಕೂದಲು, ಲಕ್ಕಪ್ಪನ ಮೀಸೆಯಲ್ಲಿ ಅವನದಲ್ಲದ ಕೂದಲು. ಕುರಿ ಕಾಯುವ ಲಗಮಣ್ಣ ಆ ದಾರಿಯಲ್ಲಿ ಬಂದವನು ನಾನ್ಯಾಕನನ್ನು ನೋಡಿ ನಾಲ್ಕು ಹೆಜ್ಜೆ ಹಿಂದೆ ಸರಿದ.

‘ಯವ್ವಾ, ಇದು ನಾಯಿ ಅಲ್ಲ, ತೋಳ!’

‘ನಿಮ್ಮ ಮನಿ ತೋಳ ರೊಟ್ಟಿ ತಿಂತೈತೇನೋ?’ ಎಂದಳು ಗೌರವ್ವ. ನಾನ್ಯಾಕ ಅವನ ಕಂಬಳಿ ಮೂಸಿ, ಅವನ ಕಾಲ ಮೇಲೆ ಅಂಗಾತ ಮಲಗಿ ಹೊಟ್ಟೆ ತೋರಿಸಿತು. ಲಗಮಣ್ಣನಿಗೆ ಧೈರ್ಯ ಬಂತು. ‘ಹಂಗಾರ ಉಣ್ಣಿ ಕತ್ತರಿಸಿ ಬಿಡತೇನಿ. ಪಾಪ, ಶಕಿ ಆಗತೈತಿ ಅದಕ’ ಎಂದು ಕುರಿಯ ಕತ್ತರಿ ತೆಗೆದ.

ಆಗ ಲಕ್ಕಪ್ಪ ಎದ್ದು ನಿಂತು ಒಂದು ಪೂರ್ತಿ ಮಾತು ಹೇಳಿದ: ‘ಕತ್ತರಿಸಬ್ಯಾಡ. ಆ ಕೂದಲಾನೇ ಅದಕ ಬಿಸಲಿಗೂ ಛತ್ರಿ ಇದ್ದಂಗ ಅಂತ ಸಾಹೇಬರು ಹೇಳ್ಯಾರ. ಬರೇ ಬಾಚಬೇಕಂತ.’ ಅಷ್ಟು ಹೇಳಿ ದಣಿದು ಕುಳಿತ.

ಗೌರವ್ವ ತನ್ನ ಹಣಿಗೆ ತಂದು ಬಾಚಿದಳು. ಬಾಚಿದಷ್ಟೂ ಬಂತು. ಅಂಗಳದಲ್ಲಿ ನಾಯಿಯಷ್ಟೇ ದೊಡ್ಡ ಗುಡ್ಡೆಯಾಗಿ, ಯಾವುದು ನಾಯಿ ಯಾವುದು ಕೂದಲು ಎಂದು ಎಮ್ಮೆಗೆ ಗೊಂದಲವಾಯಿತು. ಲಗಮಣ್ಣ ಆ ಕೂದಲನ್ನು ಚೀಲ ತುಂಬಿ ಒಯ್ದು, ಕುರಿಯ ಉಣ್ಣೆಯಲ್ಲಿ ಬೆರೆಸಿ ತನಗೊಂದು ಕಂಬಳಿ ಮಾಡಿಕೊಂಡ. ಅದನ್ನು ಹೊದ್ದು ಹೋದ ಊರಲ್ಲೆಲ್ಲ ನಾಯಿಗಳು ಅವನ ಬೆನ್ನು ಹತ್ತಿದವು. ಮೂಡಲಗಿಯ ಹತ್ತಿರ ಒಂದು ಮುದಿ ನಾಯಿ ಮೂರು ಹರದಾರಿ ಅವನ ಜೊತೆ ನಡೆದು, ಕಂಬಳಿಯನ್ನು ಬಿಟ್ಟುಹೋಗಲು ಒಪ್ಪದೆ ಅತ್ತಿತಂತೆ.

ಊಟದ ಸಂಗತಿ ಇನ್ನೂ ಸೂಕ್ಷ್ಮ. ಗೌರವ್ವ ಅದಕ್ಕೆ ಜೋಳದ ರೊಟ್ಟಿ ಹಾಲಲ್ಲಿ ನೆನೆಸಿ ಹಾಕುತ್ತಿದ್ದಳು, ಮೇಲೆ ಬೆಣ್ಣೆ. ನಾನ್ಯಾಕ ತಿನ್ನುತ್ತಿತ್ತು, ತಿಂದು ಇನ್ನೇನಾದರೂ ಇದೆಯೇ ಎಂದು ನೋಡುತ್ತಿತ್ತು. ಒಂದು ಮಧ್ಯಾಹ್ನ ಮೈಮುನಾಬಿ ಕೈಯಲ್ಲಿ ಹಿಡಿ ತುಂಬ ಕೆಂಪು ಪುಕ್ಕ ಹಿಡಿದು ಬಾಗಿಲಿಗೆ ಬಂದಳು.

‘ಇದು ನನ್ನ ಕೋಳಿ.’

‘ಕೋಳಿ ಎಲ್ಲೈತಿ? ಬರೇ ಪುಕ್ಕ ಕಾಣತಾವಲ್ಲ.’

‘ಉಳದದ್ದು ನಿನ್ನ ನಾಯಿ ಹೊಟ್ಟ್ಯಾಗ ಐತಿ!’

‘ನಾಲಿಗಿ ಬಿಗಿ ಹಿಡದ ಮಾತಾಡ, ಮೈಮುನಾ. ನಮ್ಮ ನಾನ್ಯಾಕ ಲಿಂಗವಂತರ ಮನಿ ಕೂಸು. ಹಾಲು ರೊಟ್ಟಿ ಬಿಟ್ರ ಇನ್ನೊಂದ ಮೂಸಿ ನೋಡಂಗಿಲ್ಲ…’

ಅಷ್ಟರಲ್ಲಿ ನಾನ್ಯಾಕ ಹಿತ್ತಲಿನಿಂದ ಬಂತು. ಮೂಗಿನ ತುದಿಗೆ ಒಂದು ಪುಕ್ಕ ಅಂಟಿಕೊಂಡಿತ್ತು. ಇಬ್ಬರನ್ನೂ ನೋಡಿ ಅದು ಸೀನಿತು. ಪುಕ್ಕ ಹಾರಿ ಗೌರವ್ವನ ಹಣೆಯ ವಿಭೂತಿಯ ಮೇಲೆ ಹೋಗಿ ಕುಳಿತಿತು.

ಮೊದಲು ನಕ್ಕವಳು ಮೈಮುನಾಬಿ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದಳು. ಗೌರವ್ವ ಒಂದು ತಂಬಿಗೆ ಬೆಣ್ಣೆ ತಂದುಕೊಟ್ಟಳು. ಆಮೇಲೆ ಗುಟ್ಟಿನ ಒಪ್ಪಂದವಾಯಿತು.

‘ಅದಕ ಎಲುಬ ಬೇಕ, ಗೌರಕ್ಕಾ. ನಿನ್ನ ಮನ್ಯಾಗ ಅದು ಆಗಂಗಿಲ್ಲ. ನನ್ನ ಮನಿ ಒಳಗ ನಾಯಿ ಬಿಟ್ಟುಕೊಳ್ಳಾಕ ಬರಂಗಿಲ್ಲ. ಬೇವಿನ ಗಿಡದ ಬುಡಕ ಇಡತೇನಿ. ನೀ ಆ ಕಡೆ ನೋಡಬ್ಯಾಡ.’

ಅಂದಿನಿಂದ ಸಂಜೆಯಾದರೆ ನಾನ್ಯಾಕ ಬೇವಿನ ಗಿಡಕ್ಕೆ ಹೋಗುತ್ತಿತ್ತು, ಗೌರವ್ವ ಗಿಡಕ್ಕೆ ಬೆನ್ನು ಮಾಡಿ ಕುಳಿತಿರುತ್ತಿದ್ದಳು. ಕಟಂ ಕಟಂ ಸಪ್ಪಳ ಕೇಳಿ ಯಾರಾದರೂ ಏನದು ಎಂದರೆ, ‘ಬೇವಿನ ಗಾಳಿ ಆರೋಗ್ಯಕ್ಕ ಭಾಳ ಚಲೋ, ಅದಕ್ಕ ಕಳಸ್ತೇನಿ’ ಎನ್ನುತ್ತಿದ್ದಳು.

ಇಷ್ಟಾದರೂ ನಾನ್ಯಾಕ ಕರೆದರೆ ಬರುವುದನ್ನು ಕಲಿತಿರಲಿಲ್ಲ. ಒಂದು ಬೆಳಿಗ್ಗೆ ಲಕ್ಕಪ್ಪ ಕೆಲಸಕ್ಕೆ ಹೊರಡುತ್ತಿದ್ದ. ಗೌರವ್ವ ಒಳಗಿನಿಂದ, ‘ಬರ್ರಿ ಇಲ್ಲಿ. ಕೂಡ್ರಿ. ಮಜ್ಜಿಗಿ ಕುಡದ ಹೋಗ್ರಿ’ ಎಂದಳು. ಲಕ್ಕಪ್ಪ ಬಂದ. ನಾನ್ಯಾಕನೂ ಬಂತು. ಲಕ್ಕಪ್ಪ ಕುಳಿತ. ನಾನ್ಯಾಕನೂ ಬೆನ್ನು ನೆಟ್ಟಗೆ ಮಾಡಿ ಅವನ ಪಕ್ಕದಲ್ಲಿ ಕುಳಿತಿತು. ಮಜ್ಜಿಗೆಯ ಬಟ್ಟಲಿಗೆ ಮೊದಲು ಬಾಯಿ ಹಾಕಿದ್ದು ಅದೇ. ಕುಡಿದು ಎದ್ದು ಬಾಗಿಲ ದಾರಿ ಹಿಡಿದು ಹೊರಟೂ ಹೋಯಿತು.

ಗೌರವ್ವ ಕೈಯಲ್ಲಿ ಸವುಟು ಹಿಡಿದು ನಿಂತುಬಿಟ್ಟಳು. ‘ಏನ್ರಿ ಇದು?’

ಲಕ್ಕಪ್ಪ ತಲೆ ಕೆರೆದುಕೊಂಡ. ‘ಬಂಗಲ್ಯಾಗ ಎಲ್ಲಾರೂ ಅದಕ ರೀ ಹಚ್ಚೇ ಮಾತಾಡ್ತಿದ್ರು. ಸಾಹೇಬರ ನಾಯಿ ನೋಡು. ಚಪರಾಸಿ ಬರ್ರಿ ಅಂತಿದ್ದ. ಅಡಿಗಿ ಖಾನಸಾಮಾ ತಗೋರಿ ಅಂತಿದ್ದ. ಸಾಹೇಬರೂ ಅವರ ಮಾತ ಕೇಳಿ ಹಂಗ ಕಲ್ತಿದ್ರು. ಬಾ, ಕೂಡು ಅನ್ನೂದ ಅದಕ ತಿಳಿಯಂಗಿಲ್ಲ.’

‘ಇಷ್ಟ ದಿನಾ ಯಾಕ ಹೇಳಲಿಲ್ರಿ?’

‘ಹೇಳಬೇಕಂತ ಬಾಯಿ ತಗದಿದ್ದೆ.’

ಗೌರವ್ವ ಆ ದಿನ ಎಮ್ಮೆಗೆ ‘ಕಾಲ ತಗಿ’ ಅನ್ನುವುದನ್ನೂ ಮರೆತಳು. ಊರ ಕುಲಕರ್ಣಿಯನ್ನೇ ‘ಬಾರೋ ತಮ್ಮಾ’ ಎಂದು ಕರೆಯುವವಳು ಅವಳು. ಗಂಡನೊಬ್ಬನನ್ನು ಬಿಟ್ಟರೆ ಯಾರಿಗೂ ರೀ ಹಚ್ಚಿದವಳಲ್ಲ. ನಾಯಿಗೆ ಹಚ್ಚುವುದೇ? ‘ನನ್ನ ಜೀವ ಹೋದರೂ ಅನ್ನಂಗಿಲ್ಲ’ ಎಂದಳು.

ಆದರೆ ಉಪಯೋಗದ ಮಾತು ಗೊತ್ತಿದ್ದೂ ಬಳಸದೆ ಇರುವುದು ಸಾಧ್ಯವೇ? ನಾಯಿ ಬೇಕಾದಾಗ ಅವಳು ಒಡ್ಡಿನ ಕಡೆ ಮುಖ ಮಾಡಿ, ಗಂಡನನ್ನು ಕರೆಯುವವಳಂತೆ ‘ಬರ್ರೀ’ ಎನ್ನುತ್ತಿದ್ದಳು. ನಾಯಿ ಬರುತ್ತಿತ್ತು. ದುರ್ದೈವದಿಂದ ಲಕ್ಕಪ್ಪನೂ ಗೇಟು ಅರ್ಧಕ್ಕೆ ಬಿಟ್ಟು ಓಡಿ ಬರುತ್ತಿದ್ದ. ಗೇಟು ಹೀಗೆ ಅರ್ಧರ್ಧ ನಿಂತರೆ ಕಾಲುವೆಯ ನೀರು ತಪ್ಪುತ್ತದೆ ಎಂದು ಮೇಲಿನವರಿಂದ ಮಾತು ಬಂದ ಮೇಲೆ ಅವಳು ದನಿ ತಗ್ಗಿಸಿ, ಪಡಸಾಲೆಯ ಕಂಬಕ್ಕೆ ಹೇಳತೊಡಗಿದಳು. ‘ಬರ್ರಿ’ ಎಂದು ಕಂಬಕ್ಕೆ. ‘ಕೂಡ್ರಿ’ ಎಂದು ಕಂಬಕ್ಕೆ. ನಾಯಿ ಬಂದು ಕೂಡುತ್ತಿತ್ತು. ಮೈಮುನಾಬಿ ಗೋಡೆಯ ಆಚೆಯಿಂದ ಇದನ್ನು ಕಂಡು, ಗೌರಕ್ಕನಿಗೆ ಬಿಸಿಲು ತಾಗಿದೆಯೆಂದು ಮೈಗೆ ತಿಕ್ಕಿಕೊಳ್ಳಲು ಉಳ್ಳಾಗಡ್ಡಿ ಕಳಿಸಿಕೊಟ್ಟಳು.

ನಿಜವಾಗಿ ಬಿಸಿಲು ತಾಗಿದ್ದು ನಾನ್ಯಾಕನಿಗೆ. ಚೈತ್ರದ ಉರಿ. ಗೌರವ್ವ ಗೋಣಿತಟ್ಟು ನೆನೆಸಿ ಪರದೆ ಕಟ್ಟಿದಳು, ನೀರಿನ ಹರವಿಗಳ ಬುಡದ ತಂಪು ಜಾಗ ಬಿಟ್ಟುಕೊಟ್ಟಳು, ಸಂಜೆ ಕಾಲುವೆಗೆ ಒಯ್ದು ಕುತ್ತಿಗೆಮಟ ಕೂರಿಸಿದಳು. ಆದರೆ ಒಂದು ವಾರ ಹೂಳು ತೆಗೆಯಲೆಂದು ಕಾಲುವೆಯ ನೀರು ನಿಲ್ಲಿಸಿದ್ದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾಯಿಗೆ ಕಟ್ಟಿದ್ದ ಹಗ್ಗ ಹರಿದಿತ್ತು. ಹರವಿಯ ಬುಡದಲ್ಲಿ ನಾಯಿ ಇರಲಿಲ್ಲ.

ಲಕ್ಕಪ್ಪ ಹೊಳೆಯ ದಂಡೆ ಹಿಡಿದು ಹುಡುಕಲು ಹೋದ. ಗೌರವ್ವ ಮಹಮ್ಮದಗೌಸನ ಟಾಂಗಾ ಹತ್ತಿದಳು. ಅವಳೊಬ್ಬಳನ್ನೇ ಬಿಡಬಾರದೆಂದು ಮೈಮುನಾಬಿಯೂ ಹತ್ತಿದಳು. ಗೋಕಾಕದಲ್ಲಿ ಅಂದು ಸಂತೆ. ಗೌರವ್ವ ಸಂತೆಯ ನಡುವೆ ಇಳಿದು, ಕಟ್ಟಿಗೆಯ ಗೊಂಬೆ ಮಾರುವವನೊಬ್ಬನನ್ನು ಕೇಳಿದಳು.

‘ತಮ್ಮಾ, ನಮ್ಮ ನಾನ್ಯಾಕ ಇಲ್ಲಿ ಬಂದಾನೇನೋ?’

ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ‘ನೀವ್ಯಾಕ ಇಲ್ಲಿ ಬಂದೀರಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ ಯವ್ವಾ?’

‘ನಾನಲ್ಲೋ, ನಾನ್ಯಾಕ!’

‘ಅದನ್ನ ನಾನೂ ಕೇಳಾಕತ್ತೇನ್ರಿ!’

ಬಳೆ ಮಾರುವವಳು ‘ಮರತಬಿಟ್ಟಿಯೇನವ್ವಾ? ನೆಳ್ಳಾಗ ಕೂಡು, ನೆನಪಾಗತೈತಿ’ ಎಂದು ನೀರು ಕೊಟ್ಟಳು. ಮೆಣಸಿನಕಾಯಿ ವ್ಯಾಪಾರಿಯೊಬ್ಬ, ಇದು ಶರಣರು ಕೇಳುವಂಥ ದೊಡ್ಡ ಪ್ರಶ್ನೆ, ಸಂತೆಯಲ್ಲಿ ಉತ್ತರ ಸಿಗುವುದಿಲ್ಲ, ಮಠಕ್ಕೆ ಹೋಗಬೇಕು ಎಂದು ಕೈ ಮುಗಿದ. ಗೌರವ್ವ ತಿರುಗಿ ನಡೆದಳು. ಟಾಂಗಾದಲ್ಲಿ ಬಂದು ಕುಳಿತು ಅವಳು ಏನೂ ಮಾತಾಡಲಿಲ್ಲ. ಮೈಮುನಾಬಿಗೆ ಗಾಬರಿಯಾಗಿ, ಜಗಳವಾದರೂ ಆಡಲಿ ಎಂದು, ‘ನನ್ನ ಕೋಳಿ ತಿಂದ ಪಾಪ ಅದು’ ಎಂದಳು. ಗೌರವ್ವ ದಾರಿಯ ಬದಿಯ ಪೊದೆಗಳನ್ನೇ ನೋಡುತ್ತಿದ್ದಳು.

ಗೋಕಾಕ ರೋಡ ಸ್ಟೇಶನ್ನಿನ ಹತ್ತಿರ ಬರುತ್ತಿದ್ದಂತೆ ಹಮಾಲರು ಎದುರಿನಿಂದ ಓಡಿ ಬಂದರು. ‘ಹೋಗಬ್ಯಾಡ್ರಿ! ಗಾಡ್ಯಾಗ ತೋಳ ಹೊಕ್ಕೇತಿ!’

ಗೌರವ್ವ ಟಾಂಗಾ ನಿಲ್ಲುವ ಮೊದಲೇ ಜಿಗಿದಳು.

ಬೆಳಗಾವಿ ಕಡೆಯ ಗಾಡಿ ಪ್ಲಾಟ್‌ಫಾರ್ಮಿನಲ್ಲಿ ಹೊಗೆ ಬಿಡುತ್ತ ನಿಂತಿತ್ತು. ಹೊರಡುವ ಹೊತ್ತು ಎಂದೋ ಮೀರಿತ್ತು. ಹಿಂದಿನ ಗಾರ್ಡಿನ ಡಬ್ಬಿಯ ಬಾಗಿಲಲ್ಲಿ ಗಾರ್ಡು ಒಂದು ಕೈಯಲ್ಲಿ ಹಸಿರು, ಇನ್ನೊಂದು ಕೈಯಲ್ಲಿ ಕೆಂಪು ಬಾವುಟ ಹಿಡಿದು, ಯಾವುದನ್ನು ಎತ್ತಬೇಕೋ ತಿಳಿಯದೆ ನಿಂತಿದ್ದ. ಒಳಗೆ ಸಾಹೇಬರ ಕ್ಲಬ್ಬಿಗೆ ಬಂದ ಒಂದು ದೊಡ್ಡ ಪೆಟ್ಟಿಗೆ. ಕಟ್ಟಿಗೆ ಹೊಟ್ಟಿನಲ್ಲಿ ಮುಚ್ಚಿದ ಬರ್ಫದ ಗಡ್ಡೆಗಳು. ಹೊಟ್ಟೆಲ್ಲ ಕೆದರಿ ಹೊರಗೆ ಬಿದ್ದಿತ್ತು. ಬರ್ಫದ ಮೇಲೆ ನಾಲ್ಕೂ ಕಾಲು ಚಾಚಿ, ನಾಲಿಗೆ ಹೊರಗೆ ಹಾಕಿ, ಕಣ್ಣು ಅರ್ಧ ಮುಚ್ಚಿ ನಾನ್ಯಾಕ ಮಲಗಿತ್ತು. ಅಷ್ಟು ಸುಖವಾಗಿರುವ ಪ್ರಾಣಿಯನ್ನು ಆ ಸ್ಟೇಶನ್ನು ಕಂಡಿರಲಿಲ್ಲ.

‘ನಾನ್ಯಾಕ!’ ಎಂದಳು ಗೌರವ್ವ. ‘ಬಾ ಇಲ್ಲಿ! ಮುಂಜಾನಿದ್ದ ಹುಡುಕಿ ಹುಡುಕಿ ಸಾಕಾಗೇತಿ ನನಗ!’

‘ವೂ… ಅರ್‍ರವೂವೂ’ ಎಂದಿತು ನಾನ್ಯಾಕ.

‘ತಪ್ಪ ಮಾಡಿ ಎದರ ಮಾತಾಡತಿ?’

‘ಊಂ, ವೂವೂ, ವೂ.’

ಗಾಡಿಯ ಎಲ್ಲ ಕಿಡಕಿಗಳಲ್ಲಿ ತಲೆಗಳು ಬಂದವು. ಥರ್ಡ್ ಕ್ಲಾಸಿನವರು ನಾಯಿಯ ಪಕ್ಷ, ಮೇಲಿನ ಕ್ಲಾಸಿನವರು ಗೌರವ್ವನ ಪಕ್ಷ. ಸ್ಟೇಶನ್ ಮಾಸ್ತರರು ಟೋಪಿ ತೆಗೆದು ಹಾಕಿ ಮಾಡುತ್ತಿದ್ದರು. ‘ಬಾಯಾರ, ಏನಾರ ಮಾಡ್ರಿ. ಮುಂದಿನ ಸ್ಟೇಶನ್ನಿಗೆ ತಾರ ಮಾಡಬೇಕಾಗೇತಿ, ತೋಳ ಅಂತ ಬರೀಲೋ ನಾಯಿ ಅಂತ ಬರೀಲೋ?’

ಗೌರವ್ವ ಅತ್ತಿತ್ತ ನೋಡಿದಳು. ಕಂಬ ದೂರ ಇತ್ತು. ಗಾರ್ಡಿನ ಕಡೆ ಮುಖ ತಿರುಗಿಸಿ, ‘ಬರ್ರಿ’ ಎಂದಳು. ಗಾರ್ಡು ಬಂದು ಎದುರಿಗೆ ನಿಂತ. ನಾನ್ಯಾಕ ಒಂದು ಕಿವಿ ಎತ್ತಿತು, ಕರೆದದ್ದು ಗಾರ್ಡನ್ನು ಎಂದು ತಿಳಿದುಕೊಂಡು ಮತ್ತೆ ಬರ್ಫಕ್ಕೆ ಗಲ್ಲ ಹಚ್ಚಿತು. ಮನೆಯಲ್ಲಾದರೆ ಕಂಬಕ್ಕೆ ಹೇಳಿದ್ದಕ್ಕೂ ಬರುತ್ತಿದ್ದ ನಾಯಿ, ಬರ್ಫ ಸಿಕ್ಕ ಮೇಲೆ ಮಾತನ್ನು ಒರೆಗೆ ಹಚ್ಚಿ ನೋಡುತ್ತಿತ್ತು.

‘ಅಂದಬಿಡು, ಗೌರಕ್ಕಾ,’ ಎಂದಳು ಮೈಮುನಾಬಿ ಮೆಲ್ಲಗೆ. ಕಂಬದ ಗುಟ್ಟು ಅವಳಿಗೆ ಅಷ್ಟು ಹೊತ್ತಿಗೆ ಹೊಳೆದಿತ್ತು. ‘ಯಾರ ನೋಡ್ತಾರ?’

ಇಡೀ ಗಾಡಿ ನೋಡುತ್ತಿತ್ತು. ಗೌರವ್ವ ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. ನಾಯಿಯ ಕಣ್ಣಲ್ಲಿ ಕಣ್ಣಿಟ್ಟಳು. ಅವಳ ಬಾಯಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಮಹಮ್ಮದಗೌಸ ಆಮೇಲೆ ಎಷ್ಟು ಜನರಿಗೆ ಆಣೆಯಿಟ್ಟು ಹೇಳಿದರೂ ಯಾರೂ ನಂಬಲಿಲ್ಲ.

‘ನಾನ್ಯಾಕಪ್ಪನವರ… ಬರ್ರಿ. ಮನಿಗೆ ಹೋಗೂಣು, ಬರ್ರಿ.’

ನಾನ್ಯಾಕ ಎದ್ದಿತು. ಮೈ ಕೊಡವಿತು, ಗಾರ್ಡಿನ ಬಿಳಿ ಅಂಗಿ ತೊಯ್ದುಹೋಯಿತು. ಪೆಟ್ಟಿಗೆಯಿಂದ ಇಳಿದು ಬಂದು, ‘ಕೂಡ್ರಿ’ ಎನ್ನುವುದಕ್ಕೂ ಮೊದಲೇ ಅವಳ ಕಾಲ ಬಳಿ ಕುಳಿತು, ತಣ್ಣನೆಯ ಮೂಗನ್ನು ಅವಳ ಅಂಗೈಗೆ ಒತ್ತಿತು. ಥರ್ಡ್ ಕ್ಲಾಸಿನವರು ಚಪ್ಪಾಳೆ ಹೊಡೆದರು. ಗಾರ್ಡು ಎರಡೂ ಬಾವುಟ ಒಟ್ಟಿಗೆ ಎತ್ತಿದ. ಹಮಾಲರು ಪೆಟ್ಟಿಗೆ ಕೆಳಗಿಳಿಸಿದ್ದೇ ತಡ, ಗಾಡಿ ಹೊರಟಿತು.

ಪೆಟ್ಟಿಗೆ ಒಯ್ಯಲು ಬಂದಿದ್ದ ಕ್ಲಬ್ಬಿನ ಖಾನಸಾಮಾ ಮೇಲಿನ ಗಡ್ಡೆಯನ್ನು ನೋಡಿ ಮೂಗು ಮುರಿದ. ‘ನಾಯಿ ಮಲಗಿದ ಬರ್ಫ ಸಾಹೇಬರ ಗ್ಲಾಸಿಗೆ ಹೆಂಗ ಹಾಕಲಿ? ನೀವ ಒಯ್ಯಿರಿ.’ ಕೆಳಗಿನ ಗಡ್ಡೆಗಳನ್ನು ಅವನು ಒಯ್ದ. ಮೇಲಿನದನ್ನು ಗೋಣಿಯಲ್ಲಿ ಸುತ್ತಿ ಟಾಂಗಾದಲ್ಲಿಟ್ಟುಕೊಂಡು ಎಲ್ಲರೂ ಧುಪದಾಳಕ್ಕೆ ಹೊರಟರು. ನಾನ್ಯಾಕ ನಡುವೆ, ಹೆಂಗಸರಿಬ್ಬರು ಆಚೀಚೆ. ಊರು ಮುಟ್ಟುವ ಹೊತ್ತಿಗೆ ಗಡ್ಡೆ ತೆಂಗಿನಕಾಯಿಯಷ್ಟಾಗಿತ್ತು. ಮೈಮುನಾಬಿ ಅದನ್ನು ಒಡೆದು, ನಾಯಿ ಮಲಗದ ಬದಿ ಯಾವುದೆಂದು ನೋಡಿ, ಚೆನ್ನಾಗಿ ತೊಳೆದು, ಬೆಲ್ಲದ ಪಾನಕಕ್ಕೆ ಹಾಕಿದಳು. ಗೌರವ್ವ ಬರ್ಫ ಕಂಡದ್ದು ಅದೇ ಮೊದಲು. ಒಂದು ಚೂರು ಬಾಯಿಗೆ ಹಾಕಿಕೊಂಡು ‘ಹಲ್ಲ ಉರೀತಾವಲ್ಲೇ! ತಂಪೂ ಐತಿ, ಸುಡತೈತಿ. ಎಂಥಾ ಪದಾರ್ಥ ಇದು!’ ಎಂದು ಅಂಗಳದಲ್ಲಿ ಕುಣಿದಳು. ಹೊಳೆಯ ದಂಡೆಯಿಂದ ಬರಿಗೈಲಿ ಅಳುಮುಖ ಹಾಕಿಕೊಂಡು ಬಂದ ಲಕ್ಕಪ್ಪನಿಗೆ ಕಂಡದ್ದು, ಕುಣಿಯುವ ಹೆಂಡತಿ, ಕೇಕೆ ಹಾಕುವ ನೆರೆಯವಳು, ಕೊನೆಯ ಚೂರಿಗೆ ಬಾಯಿ ಚಾಚಿದ ನಾಯಿ. ಅವನು ಏನೂ ಕೇಳದೆ ತನ್ನ ಪಾಲಿನ ಪಾನಕ ಕುಡಿದ.

ಆಮೇಲೆ ಗೌರವ್ವ ಕಂಬವನ್ನು ಬಿಟ್ಟಳು. ನಾಯಿಗೆ ರಾಜಾರೋಷವಾಗಿ ‘ಬರ್ರಿ, ಕೂಡ್ರಿ, ಉಣ್ರಿ’ ಎನ್ನತೊಡಗಿದಳು. ಊರಿನವರೂ ಹಾಗೇ ಅನ್ನತೊಡಗಿದರು. ‘ನಾನ್ಯಾಕಪ್ಪನವರು ಎಲ್ಲಿಗೆ ಹೊಂಟ್ರಿ?’ ಎಂದು ಕೇಳದೆ ಯಾರೂ ಅದನ್ನು ದಾಟಿ ಹೋಗುತ್ತಿರಲಿಲ್ಲ. ಹುಕ್ಕೇರಿಗೆ ಮಗಳ ಬಾಣಂತನಕ್ಕೆ ಹೋದಾಗಲೂ ಅದು ಜೊತೆಗೆ ಹೋಯಿತು. ಬೀಗರು ತಮಗೆ ‘ಬಾ ತಂಗಿ, ಕೂಡ ತಂಗಿ’ ಎಂದು, ನಾಯಿಗೆ ‘ಬರ್ರಿ’ ಎನ್ನುವ ಬೀಗತಿಯನ್ನು ಕಂಡು ಒಂದು ದಿನ ಮುನಿಸಿಕೊಂಡಿದ್ದರು. ನಾಯಿ ಮೊಮ್ಮಗನ ತೊಟ್ಟಿಲ ಹಗ್ಗವನ್ನು ಬಾಯಲ್ಲಿ ಹಿಡಿದು ಎಳೆದು, ರಾಗ ತೆಗೆದು ಕೂಸನ್ನು ಮಲಗಿಸಿದ ಮೇಲೆ ಅವರೂ ಅದಕ್ಕೆ ರೀ ಹಚ್ಚಿದರು.

ಬಂಗಲೆಗೆ ಹೊಸ ಸಾಹೇಬ ಬಂದ. ಒಡ್ಡು ನೋಡಿಕೊಂಡು ಬರುವಾಗ ಗೌರವ್ವನ ಕಟ್ಟೆಯ ಮುಂದೆ ನಿಂತ. ಅವನು ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದವನು. ಗೌರವ್ವ ಎದ್ದು, ‘ಬಾರೋ ಸಾಹೇಬಾ, ಬಿಸಲಾಗ ಯಾಕ ನಿಂತಿ? ಕೂಡು, ಮಜ್ಜಿಗಿ ಕುಡಿ’ ಎಂದಳು. ಆಮೇಲೆ ಕಟ್ಟೆಯ ಮೇಲಿದ್ದ ನಾಯಿಯ ಕಡೆ ತಿರುಗಿ, ‘ನೀವು ಸ್ವಲ್ಪ ಸರೀರಿ’ ಎಂದಳು. ನಾನ್ಯಾಕ ಸರಿಯಿತು. ಸಾಹೇಬ ಟೋಪಿ ತೆಗೆದು, ನಾಯಿಗೆ ತಲೆ ಬಾಗಿಸಿ, ಅದರ ಪಕ್ಕದಲ್ಲಿ ಕುಳಿತ. ಗೌರವ್ವ ಎರಡು ಬಟ್ಟಲು ಮಜ್ಜಿಗೆ ತರಲು ಒಳಗೆ ಹೋದಳು.